ಕಾಮೆಟ್ ದೊಡ್ಡದೋ, ಹರ್ಕ್ಯುಲಿಸ್ ದೊಡ್ಡದೋ?

ಪ್ರಶ್ನೆ: ಪ್ರಪಂಚದ ದೊಡ್ಡ ಪತಂಗ ಮಡಗಾಸ್ಕರ್‌ನ ಕಾಮೆಟ್ ಅಂತ ಮಗಳು, ಅಲ್ಲ ನ್ಯೂಗಿನಿಯ ಹರ್ಕ್ಯುಲಿಸ್ ಅಂತ ಮಗ, ದಿನಾ ಜಗಳ. ಯಾವುದು ಸರಿ? ಶಿರಸಿಯ ನಮ್ಮನೆ ಲೈಟಿಗೂ ಅಂಗೈಗಿಂತ ದೊಡ್ಡ ಕಂದು ಪತಂಗ ಬಂದಿತ್ತು, ಸಕ್ಕರೆ ನೀರಿಟ್ರೂ ಮುಟ್ಟಲಿಲ್ಲ, ಯಾಕೆ?

ಉತ್ತರ: ಈ ಎರಡರಲ್ಲಿ ಯಾವುದು ದೊಡ್ಡದು ಅನ್ನೋದು ಸ್ಕೇಲ್ ಹೇಗೆ ಹಿಡೀತೀರಿ ಅನ್ನೋದ್ರ ಮೇಲಿದೆ. ಅಡ್ಡಡ್ಡ ಹಿಡಿದ್ರೆ ಮಗ ಗೆದ್ದ, ಕಾಮೆಟ್ ರೆಕ್ಕೆ ತುದಿಯಿಂದ ತುದಿಗೆ ಸುಮಾರು 20 ಸೆಂ.ಮೀ. ಇದ್ರೆ ಹರ್ಕ್ಯುಲಿಸ್ 27ರವರೆಗೂ ಹೋಗುತ್ತೆ, ರೆಕ್ಕೆ ಹರವು 300 ಚದರ ಸೆಂ.ಮೀ., ಸಣ್ಣ ನೋಟ್‌ಬುಕ್ಕಿನ ಹಾಳೆ ಹಾರಿ ಬಂದಂಗೆ. ಉದ್ದುದ್ದ ಹಿಡಿದ್ರೆ ಮಗಳು, ಯಾಕಂದ್ರೆ ಗಂಡು ಕಾಮೆಟ್‌ಗೆ ಬಾಲಗಳೇ 15 ಸೆಂ.ಮೀ. ಹತ್ರ ಇರ್ತವೆ. ಬಾಲ ಬರೀ ಚಂದಕ್ಕಲ್ಲ ಅನ್ಸುತ್ತೆ, ಅಮೆರಿಕದಲ್ಲಿ ಇದೇ ಥರ ಬಾಲ ಇರೋ ಲೂನಾ ಪತಂಗ ಇಟ್ಕೊಂಡು ನೋಡಿದಾಗ ಬಾವಲಿ ತನ್ನ ಶಬ್ದದ ಪ್ರತಿಧ್ವನಿ ಹಿಡ್ಕೊಂಡು ಬಂದು ಮೈ ಬಿಟ್ಟು ತಿರುಗೋ ಬಾಲಕ್ಕೇ ಬಾಯಿ ಹಾಕ್ತಿತ್ತಂತೆ, ಬಾಲ ಹೋದ್ರೂ ಜೀವ ಉಳೀತು!

ನಂಗೆ ಇವುಗಳ ಗೂಡೇ ಹೆಚ್ಚು ಇಷ್ಟ. ಕಾಮೆಟ್ ಗೂಡು ಬೆಳ್ಳಿ ಬಣ್ಣ, ಮೈಯೆಲ್ಲಾ ತೂತು, ಮಡಗಾಸ್ಕರ್‌ನ ಮಳೆಕಾಡಲ್ಲಿ ಸುರಿಯೋ ಮಳೆಗೆ ಒಳಗಿನ ಕೋಶ (ಪತಂಗ ಆಗ್ತಿರೋ ಹುಳ) ಮುಳುಗದೆ ನೀರು ಸೋರಿ ಹೋಗ್ಲಿ ಅಂತ. ಅದರ ನೂಲಿನೊಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಎಳೆಗಳಿದಾವೆ, ಅವು ಬಿಸಿಲನ್ನ ವಾಪಸ್ ಎಸೀತವೆ, ಅದಕ್ಕೇ ಆ ಬೆಳ್ಳಿ ಹೊಳಪು. ಹರ್ಕ್ಯುಲಿಸ್ ಹುಳ ಎಲೆ ಸುತ್ಕೊಂಡು ಗೂಡು ಕಟ್ಟುತ್ತೆ, ಕೆಲವು ಸಲ ಒಳಗೆ 2 ವರ್ಷ ಕೂತಿರುತ್ತೆ. ಇದು ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಲ್ಲೂ ಉಂಟು, ಕಾಮೆಟ್ ಮಾತ್ರ ಮಡಗಾಸ್ಕರ್ ಬಿಟ್ಟು ಬೇರೆಲ್ಲೂ ಇಲ್ಲ.

ನಿಮ್ಮನೆಗೆ ಬಂದಿದ್ದು ಬಹುಶಃ ಅಟ್ಲಾಸ್, ಪಶ್ಚಿಮ ಘಟ್ಟದಲ್ಲೂ ಶ್ರೀಲಂಕಾದಲ್ಲೂ ಇರೋ ಜಾತಿ, ಹರ್ಕ್ಯುಲಿಸ್‌ಗೆ ಹತ್ತಿರದ ನೆಂಟ. ಕಾಮೆಟ್ ನೆಂಟನೂ ನಿಮ್ಮ ಕಡೆ ಇದಾನೆ, ತಿಳಿ ಹಸಿರು ಬಣ್ಣದ ಬಾಲದ ಚಂದ್ರ ಪತಂಗ, ಮಗಳಿಗೆ ಅದನ್ನ ತೋರ್ಸಿ. ಇನ್ನು ಸಕ್ಕರೆ ನೀರು, ಈ ಯಾವ ಪತಂಗಕ್ಕೂ ತಿನ್ನೋ ಬಾಯೇ ಇಲ್ಲ, ಹುಳ ಆಗಿದ್ದಾಗ ತಿಂದಿದ್ರಲ್ಲೇ ಹೆಚ್ಚಂದ್ರೆ ಒಂದೆರಡು ವಾರ ಬದುಕೋದು, ಅಷ್ಟರಲ್ಲಿ ಜೋಡಿ ಹುಡುಕ್ಬೇಕು. ಹಾಗಾಗಿ ಮುಂದಿನ ಸಲ ಬಂದ್ರೆ ನೀರಿಡೋ ಬದ್ಲು ಜಗಲಿ ಲೈಟ್ ಆಫ್ ಮಾಡಿ.