ತ್ಸ್ಖಿನ್‌ವಾಲಿಯ ಸಂಗೀತ ಕಛೇರಿಗೆ ಸೋವಿಯತ್ ಸಂಗೀತ ಸಂಯೋಜಕ ಶೋಸ್ತಕೋವಿಚ್‌ರ 7ನೇ ಸಿಂಫನಿಯೇ (ದೊಡ್ಡ ವಾದ್ಯವೃಂದದ ಕೃತಿ) ಏಕೆ? ಬಯಲಲ್ಲಿ ಅದನ್ನು ನುಡಿಸುವುದು ಕಷ್ಟವೇ?

2008ರ ಆಗಸ್ಟ್ 21ರಂದು, ಜಾರ್ಜಿಯಾ-ರಷ್ಯಾ ಯುದ್ಧ ನಿಂತ ಕೆಲವೇ ದಿನಗಳಲ್ಲಿ, ಜಾರ್ಜಿಯಾದಿಂದ ಬೇರ್ಪಟ್ಟಿದ್ದ ದಕ್ಷಿಣ ಒಸೆಟಿಯಾದ ರಾಜಧಾನಿ ತ್ಸ್ಖಿನ್‌ವಾಲಿಯಲ್ಲಿ, ಹಾನಿಗೊಂಡ ಸಂಸತ್ ಭವನದೆದುರು, ವಾದ್ಯವೃಂದ ನಿರ್ದೇಶಕ ವಲೇರಿ ಗೆರ್ಗಿಯೆವ್ ಈ ಸ್ಮರಣಾ ಕಛೇರಿ ನಡೆಸಿದರು. ಅವರೂ ಒಸೆಟಿಯಾ ಮೂಲದವರೇ. ವಾದ್ಯವೃಂದ ಮಾತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಮರಿಯಿನ್ಸ್ಕಿ ರಂಗಮಂದಿರದ್ದು.

1942ರ ಆಗಸ್ಟ್ 9ರಂದು ಜರ್ಮನ್ ಮುತ್ತಿಗೆಯ ನಡುವೆಯೇ ಲೆನಿನ್‌ಗ್ರಾಡ್‌ನಲ್ಲಿ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ನುಡಿಸಿದ ಕೃತಿ ಇದು. ಹಾಗಾಗಿ ರಷ್ಯನ್ನರಿಗೆ ಇದನ್ನು ಕೇಳಿದರೆ ದಾಳಿಗೆ ಸಿಕ್ಕ ಊರೇ ಕಣ್ಮುಂದೆ ಬರುತ್ತದೆ. ಅಂದರೆ ಆಯ್ಕೆ ರಾಜಕೀಯವೂ ಹೌದು: ಅಂದು ಜರ್ಮನ್ನರಿದ್ದ ದಾಳಿಕೋರನ ಜಾಗದಲ್ಲಿ ಜಾರ್ಜಿಯಾವನ್ನು ನಿಲ್ಲಿಸುತ್ತದೆ. ಸತ್ತವರು ಜಾರ್ಜಿಯಾದ ಕಡೆಯೂ ಇದ್ದರಲ್ಲ, ಟೀಕೆ ಬಂದದ್ದು ಸಹಜ.

ಬಯಲಲ್ಲಿ ಕಷ್ಟವೇ. ಮೊದಲ ಭಾಗದ ನಡುವೆ ಸ್ನೇರ್ ಡ್ರಮ್ (ಸೇನಾ ಬ್ಯಾಂಡಿನಲ್ಲಿರುವಂಥ ಚಿಕ್ಕ ಡ್ರಮ್) ಕೇಳಿಯೂ ಕೇಳದಷ್ಟು ಮೆಲ್ಲಗೆ ಶುರುವಾಗುತ್ತದೆ. ಅದರ ಮೇಲೆ ಒಂದೇ ಧಾಟಿ 12 ಸಲ ಬರುತ್ತಾ, ಪ್ರತಿ ಸಲವೂ ವಾದ್ಯ ಬದಲಾಗಿ ಏರುತ್ತದೆ. ಕೊನೆಗೆ ಜೋರು ದನಿಯ ಹಿತ್ತಾಳೆ ಊದುವಾದ್ಯಗಳಾದ 8 ಹಾರ್ನ್, 6 ಟ್ರಂಪೆಟ್, 6 ಟ್ರೊಂಬೋನ್ ಒಟ್ಟಿಗೆ. ಗೋಡೆ, ಛಾವಣಿ ಇಲ್ಲದ ಕಡೆ ಪಿಟೀಲುಗಳ ನಾದ ಚದುರಿಹೋಗುವುದರಿಂದ ಮೈಕ್ ಬೇಕೇ ಬೇಕು. ಆದರೆ ಡ್ರಮ್ ಕೇಳಿಸುತ್ತಿಲ್ಲವೆಂದು ಆರಂಭದಲ್ಲೇ ಅದರ ಮೈಕ್ ಏರಿಸಿದರೆ, ಮುಂದೆ ಏರಲು ಜಾಗವೇ ಉಳಿಯದು. ಗಾಳಿಗೆ ಸ್ವರಹಾಳೆ ಹಾರದಂತೆ ಎರಡೂ ಬದಿ ಕ್ಲಿಪ್ ಹಾಕಬೇಕು.