ಡೌನ್‌ಲೋಡ್ ಮುಗಿದ ಮೇಲೂ ಕಾಯುವುದು ಯಾಕೆ?

ಪ್ರಶ್ನೆ: ವಿಜಯನಗರದಲ್ಲಿ ಚಿಕ್ಕ ಕಂಪ್ಯೂಟರ್ ಕ್ಲಾಸ್ ನಡೆಸುತ್ತೇನೆ. ಲಿನಕ್ಸ್ ಹಾಕಿದ 12 ಹಳೆಯ ಮೆಷಿನ್‌ಗಳಿವೆ. ಪಾಠದ ಸಾಫ್ಟ್‌ವೇರನ್ನು ಟಾರ್-ಜಿಜಿಪ್ ಪ್ಯಾಕೇಜ್ ಮಾಡಿ (ಟಾರ್ ಫೈಲ್‌ಗಳನ್ನು ಒಂದಾಗಿ ಕಟ್ಟುತ್ತದೆ, ಜಿಜಿಪ್ ಕುಗ್ಗಿಸುತ್ತದೆ), ನಾನೇ ಪೈಥಾನ್‌ನಲ್ಲಿ ಬರೆದ ಟೂಲ್‌ನಿಂದ ಹಾಕುತ್ತೇನೆ. ಟೂಲ್ ಮೊದಲು ಫೈಲ್‌ಗಳ ಪಟ್ಟಿ ಓದುತ್ತದೆ, ಆಮೇಲೆ ವಿವರದ ಫೈಲ್ ಹುಡುಕುತ್ತದೆ, ಕೊನೆಗೆ ಎಲ್ಲವನ್ನೂ ಬಿಚ್ಚುತ್ತದೆ. ಡೌನ್‌ಲೋಡ್ ಬೇಗ ಆಗುತ್ತದೆ, ಬಿಚ್ಚುವುದಕ್ಕೇ ಜಾಸ್ತಿ ಹೊತ್ತು. ಏನು ಸರಿಮಾಡಲಿ?

ಉತ್ತರ: ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಒಂದೇ ಫೈಲನ್ನು ಟೂಲ್ ಮೂರು ಸಲ ಓದುತ್ತಿದೆ, ಅಲ್ವಾ?

ಟಾರ್ ಬಂದದ್ದು 1979ರ ಯೂನಿಕ್ಸ್ ಏಳನೇ ಆವೃತ್ತಿಯ ಜೊತೆ, ಟೇಪ್‌ಗಾಗಿ. ಅದರಲ್ಲಿ ಪರಿವಿಡಿಯೇ ಇಲ್ಲ. 512 ಬೈಟ್‌ನ ಒಂದು ಚೀಟಿ, ಅದರಲ್ಲಿ ಫೈಲಿನ ಹೆಸರು ಮತ್ತು ಗಾತ್ರ, ಹಿಂದೆಯೇ ಫೈಲು, ಮತ್ತೆ ಚೀಟಿ. ಯಶವಂತಪುರ ಎಪಿಎಂಸಿಗೆ ಬಿಲ್ ಇಲ್ಲದೆ ಬಂದ ಲಾರಿಯ ಹಾಗೆ. ಒಳಗಿನ ಬೆಳ್ಳುಳ್ಳಿ ಮೂಟೆ ಸಿಗಬೇಕಾದರೆ ಹಮಾಲರು ಮುಂದಿನ ಈರುಳ್ಳಿಯನ್ನೆಲ್ಲ ಇಳಿಸಲೇಬೇಕು. ಮೇಲೆ ಜಿಜಿಪ್ ಇದ್ದರೆ ನಡುವಿಗೆ ಹಾರುವುದೂ ಆಗದು. ಪ್ರತಿ ಸಲ ಮೊದಲಿನಿಂದ ಬಿಚ್ಚಬೇಕು. ಜಿಪ್ ಫೈಲಿನಲ್ಲಾದರೆ ಪಟ್ಟಿ ಕೊನೆಯಲ್ಲಿ ಇರುತ್ತದೆ, ನೇರ ಹೋಗಬಹುದು.

ಆದ್ದರಿಂದ ಒಂದೇ ಸಲ ಓದಿ. ಪೈಥಾನ್‌ನ ಟಾರ್‌ಫೈಲ್ ಮಾಡ್ಯೂಲ್‌ನಿಂದ ಪ್ಯಾಕೇಜ್ ತೆರೆಯುವಾಗ ಮೋಡ್‌ನಲ್ಲಿ ಕೋಲನ್ ಬದಲು ಪೈಪ್ ಗೆರೆ ಹಾಕಿದರೆ ಅದು ಹಿಂದಕ್ಕೆ ಹೋಗದೆ ಓದುತ್ತದೆ. ಬಂದ ಫೈಲನ್ನು ಬಂದ ಹಾಗೆ ಬಿಚ್ಚಿ. ಪ್ಯಾಕೇಜ್ ಕಟ್ಟುವಾಗ ವಿವರದ ಫೈಲನ್ನು ಮೊದಲಿಗೇ ಇಡಿ. ಡೆಬಿಯನ್ ಲಿನಕ್ಸ್‌ನ ಪ್ಯಾಕೇಜ್‌ನಲ್ಲೂ ವಿವರದ ಭಾಗ ಮುಂದೆ, ಸರಕು ಹಿಂದೆ.

ಫೈಲು ಕೆಡದೆ ಬಂದಿದೆಯೇ ಎಂದು ತಾಳೆ ನೋಡುವ ಮೊತ್ತವನ್ನೂ, ಅಂದರೆ ಚೆಕ್‌ಸಮ್ಮನ್ನೂ, ಅದೇ ಓದಿನಲ್ಲಿ ಲೆಕ್ಕ ಹಾಕಿ. ಇಲ್ಲಿ ಒಂದು ಸೂಕ್ಷ್ಮ ಇದೆ. ಟಾರ್ ಕೊನೆಯಲ್ಲಿ ಬರೀ ಸೊನ್ನೆ ತುಂಬಿದ ಬ್ಲಾಕ್‌ಗಳು ಇರುತ್ತವೆ. ಅದನ್ನು ಕಂಡ ಕೂಡಲೇ ಪೈಥಾನ್ ಓದುವುದನ್ನು ನಿಲ್ಲಿಸಬಹುದು. ಉಳಿದ ಬೈಟ್‌ಗಳನ್ನೂ ನೀವೇ ಓದಿ ಮುಗಿಸಿ, ಇಲ್ಲದಿದ್ದರೆ ಮೊತ್ತ ತಾಳೆ ಆಗುವುದಿಲ್ಲ. ತಾಳೆ ಆಗುವವರೆಗೆ ಎಲ್ಲವೂ ಅದೇ ಡಿಸ್ಕಿನ ಒಂದು ತಾತ್ಕಾಲಿಕ ಫೋಲ್ಡರ್‌ನಲ್ಲಿ ಇರಲಿ. ಆಮೇಲೆ ಆ ಫೋಲ್ಡರ್‌ನ ಹೆಸರು ಬದಲಿಸಿದರೆ ಸಾಕು.

ಚೀಟಿಯ ಹೆಸರನ್ನು ಸುಮ್ನೆ ನಂಬಬೇಡಿ. ಹಿಂದೆ ಕೆಲಸದಲ್ಲಿದ್ದಾಗ ನಾನು ಬಿಚ್ಚಿದ ಒಂದು ಆರ್ಕೈವ್‌ನಲ್ಲಿ ಎರಡು ಚುಕ್ಕಿಯ ದಾರಿ, ಅಂದರೆ ಮೇಲಿನ ಫೋಲ್ಡರ್‌ಗೆ ಹೋಗು ಎಂಬ ಗುರುತು, ಇತ್ತು. ಫೈಲು ಫೋಲ್ಡರ್ ದಾಟಿ ಹೊರಗೆ ಹೋಯಿತು, ಸೆಟ್ಟಿಂಗ್ಸ್ ಫೈಲಿನ ಮೇಲೆ ಕೂತಿತು. ಅವತ್ತು ರಾತ್ರಿ 11ರವರೆಗೆ ಬ್ಯಾಕಪ್‌ನಿಂದ ಸರಿಮಾಡುತ್ತಾ ಕೂತಿದ್ದೆ. ಪೈಥಾನ್‌ನ ಈ ದೋಷ 2007ರಲ್ಲೇ ದಾಖಲಾಗಿತ್ತು. 2023ರ 3.12 ಆವೃತ್ತಿಯಿಂದ ಇಂಥ ದಾರಿಯನ್ನು ತಡೆಯುವ ಫಿಲ್ಟರ್ ಇದೆ, ಬಿಚ್ಚುವಾಗ ಅದಕ್ಕೆ ‘ಡೇಟಾ’ ಅಂತ ಕೊಡಿ. 3.14ರಲ್ಲಿ ಅದು ತಾನಾಗಿಯೇ ಇರುತ್ತದೆ.

ಇಷ್ಟಾದ ಮೇಲೂ ನಿಧಾನ ಅನಿಸಿದರೆ ಜಿಜಿಪ್ ಬಿಟ್ಟು ಜೀಸ್ಟ್ಯಾಂಡರ್ಡ್ ಎಂಬ ಕುಗ್ಗಿಸುವ ವಿಧಾನ ನೋಡಿ. ಪೈಥಾನ್ 3.14ರ ಟಾರ್‌ಫೈಲ್ ಅದನ್ನು ನೇರವಾಗಿ ಓದುತ್ತದೆ. ಮೊದಲು ಒಂದೇ ಮೆಷಿನ್‌ನಲ್ಲಿ ಮಾಡಿ, ಮುಂಚೆ ಎಷ್ಟು ಸೆಕೆಂಡ್, ಈಗ ಎಷ್ಟು ಅಂತ ಬರೆದು ಕಳಿಸಿ.