ಹತ್ತನೆಯ ತರಗತಿಯ ತಂಗಿ ಗರ್ಭಿಣಿ: ಈ ವರ್ಷ ಶಾಲೆ ಬಿಡಿಸಬಹುದೇ?

ಏನಾದರೂ ಮಾಡಿರಿ, ಟಿ.ಸಿ. ಮಾತ್ರ ತೆಗೆಯಬೇಡಿರಿ. ಹೇಗೂ ಓದು ಕೆಡುತ್ತದೆ, ಈ ವರ್ಷ ಬಿಡಿಸಿ ಮುಂದಿನ ವರ್ಷ ಸೇರಿಸೋಣ ಎಂದು ಬರೆದಿದ್ದೀರಿ. ಗರ್ಭದಿಂದ ಅಂಕ ಎಷ್ಟು ಇಳಿಯುತ್ತದೆ ಎಂದೂ ಕೇಳಿದ್ದೀರಿ. ನಮ್ಮಪ್ಪನೂ ಇದೇ ಮಾತು ಆಡಿದ್ದ.

ನಮ್ಮದು ಗದಗ ಜಿಲ್ಲೆಯ ರೋಣ ತಾಲೂಕಿನ ಹಳ್ಳಿ. 2010ರ ಬೇಸಿಗೆಯಲ್ಲಿ ಅಕ್ಕನ ಮದುವೆಯ ಹಂದರದಲ್ಲೇ ನನ್ನದನ್ನೂ ಮುಗಿಸಿದರು. ಖರ್ಚು ಉಳಿಯಿತೆಂದು ಎಲ್ಲರಿಗೂ ಸಮಾಧಾನ. ನನಗಾಗ 16. ಬಾಲ್ಯವಿವಾಹ ನಿಷೇಧದ 2006ರ ಕಾಯ್ದೆ ಆಗಲೂ ಇತ್ತು. ಅದಕ್ಕೇ ಲಗ್ನಪತ್ರಿಕೆಯಲ್ಲಿ ಅಕ್ಕನ ಹೆಸರು ಮಾತ್ರ ಇತ್ತು. ಹತ್ತನೆಯದು ಮುಗಿಯುವವರೆಗೆ ತವರಲ್ಲೇ ಇರಲಿ ಎಂದು ಹಿರಿಯರು ಮಾತಾಡಿಕೊಂಡಿದ್ದರು. ಶ್ರಾವಣದ ಹೊತ್ತಿಗೆ ನಾನು ಬಸುರಿ.

ಬಿಸಿಯೂಟದ ಅಡುಗೆ ಕೋಣೆ ನಮ್ಮ ತರಗತಿಗೆ ಹೊಂದಿಕೊಂಡಿತ್ತು. ಸಾರಿಗೆ ಒಗ್ಗರಣೆ ಬಿದ್ದರೆ ಸಾಕು, ಬಾಯಿಗೆ ಸೆರಗು ಹಿಡಿದು ಹೊರಗೆ ಓಡುತ್ತಿದ್ದೆ. ಸಮವಸ್ತ್ರದ ದುಪಟ್ಟಾಕ್ಕೆ ನಾವು ಸೆರಗು ಎಂದೇ ಅನ್ನುತ್ತಿದ್ದೆವು. ಗಣಿತದ ಮಾಸ್ತರರು ಏನನ್ನೂ ಕೇಳದೆ ನನ್ನನ್ನು ಬಾಗಿಲ ಪಕ್ಕದ ಬೆಂಚಿಗೆ ಕೂರಿಸಿ, ಎದ್ದು ಹೋಗುವಾಗ ಅಪ್ಪಣೆ ಕೇಳಬೇಕಾಗಿಲ್ಲ ಎಂದರು. ಅಷ್ಟೇ ಸಾಕಾಯಿತು. ಆ ಸಲದ ಕಿರುಪರೀಕ್ಷೆಯಲ್ಲಿ ನನ್ನ ಅಂಕ ಇಳಿಯಲಿಲ್ಲ. ಮಧ್ಯಾಹ್ನ ತೂಕಡಿಕೆ, ತಲೆಸುತ್ತು ಇದ್ದವು, ಇಲ್ಲವೆನ್ನುವುದಿಲ್ಲ. ಬೆಳೆಯುವ ವಯಸ್ಸಿನ ಮೈಗೇ ರಕ್ತ ಸಾಲದು, ಮೇಲೆ ಇನ್ನೊಂದು ಜೀವ. ಸಾಲದ್ದಕ್ಕೆ ನಾನು ಕಬ್ಬಿಣಾಂಶದ ಗುಳಿಗೆಯನ್ನು ಚಹಾದ ಜೊತೆ ನುಂಗುತ್ತಿದ್ದೆ. ಚಹಾ ಅದನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಮ್ಮ ತಂಗಿಗೆ ನಿಂಬೆ ಪಾನಕದ ಜೊತೆ ಕೊಡಿರಿ.

ಓದು ಕೆಟ್ಟದ್ದು ಆಮೇಲೆ. ಗಣೇಶ ಹಬ್ಬದ ರಜೆ ಮುಗಿದ ಮೇಲೆ ಹೆಡ್‌ಮಾಸ್ತರರು ಅಪ್ಪನನ್ನು ಕರೆಸಿ, ಉಳಿದ ಹುಡುಗಿಯರ ಮೇಲೆ ಪರಿಣಾಮವಾಗುತ್ತದೆ, ನೀವಾಗಿಯೇ ಒಯ್ದರೆ ಮರ್ಯಾದೆ ಎಂದರು. ಅಪ್ಪ ಅಲ್ಲೇ ಸಹಿ ಮಾಡಿದ. ಟಿ.ಸಿ.ಯಲ್ಲಿ ಶಾಲೆ ಬಿಡಲು ಕಾರಣ ಎಂಬಲ್ಲಿ ‘ಪೋಷಕರ ಕೋರಿಕೆ’ ಎಂದು ಬರೆದರು. ಆ ಎರಡು ಪದಗಳನ್ನು ನೀವು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಅದರಿಂದ ಶಾಲೆ ನನ್ನನ್ನು ಹೊರಹಾಕಿದ ಹಾಗಾಗಲಿಲ್ಲ, ನಾನೇ ಹೊರಟ ಹಾಗಾಯಿತು. ಯಾರ ಮೇಲೂ ದೂರು ಕೊಡುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೆ ಯಾರೂ ನೋಟ್ಸ್ ಕಳಿಸುವುದಿಲ್ಲ, ಪರೀಕ್ಷೆಯ ಅರ್ಜಿ ತುಂಬಿಸುವುದಿಲ್ಲ, ಯಾಕೆ ಬರಲಿಲ್ಲವೆಂದು ಮನೆಗೆ ಬಂದು ವಿಚಾರಿಸುವುದಿಲ್ಲ. ಟಿ.ಸಿ. ತೆಗೆಯದೆ ಮನೆಯಲ್ಲಿ ಕೂತಿದ್ದರೂ ನಾನು ವಿದ್ಯಾರ್ಥಿನಿಯಾಗಿಯೇ ಇರುತ್ತಿದ್ದೆ, ವೈದ್ಯರ ಪತ್ರ ಕೊಟ್ಟು ರಜೆ ಕೇಳಬಹುದಿತ್ತು. ಅಪ್ಪ ಆ ಟಿ.ಸಿ.ಯನ್ನು ಜೋಪಾನವಾಗಿ ಟ್ರಂಕಿನಲ್ಲಿಟ್ಟ, ಮುಂದಿನ ವರ್ಷ ಬೇಕಾಗುತ್ತದೆ ಎಂದು.

ಮುಂದಿನ ವರ್ಷ ಕೈಯಲ್ಲಿ ಕೂಸು. ಅತ್ತೆಯ ಮನೆಯಲ್ಲಿ ಹೊಲದ ಕೆಲಸ. ಮಗಳು ಅಂಗನವಾಡಿಗೆ ಹೋಗತೊಡಗಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಗದಗಿನಲ್ಲಿ ಪರೀಕ್ಷೆಗೆ ಕೂತೆ, ಗಣಿತದಲ್ಲೇ ನಪಾಸಾದೆ. ಪೈಥಾಗೊರಸನ ಪ್ರಮೇಯ ಬಾಯಿಪಾಠವಿತ್ತು, ಲೆಕ್ಕಗಳನ್ನು ಹೇಳಿಕೊಡುವವರಿರಲಿಲ್ಲ. ನಮ್ಮೂರಿನ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೆ ಆಗ ಎಸೆಸೆಲ್ಸಿ ಸಾಕಿತ್ತು, ಅದೂ ನನ್ನಲ್ಲಿರಲಿಲ್ಲ. ನಾನು ಪಾಸಾಗುವ ಹೊತ್ತಿಗೆ ಹುದ್ದೆ ಬೇರೆಯವರಿಗೆ ಹೋಗಿತ್ತು. ಈಗ ಅದಕ್ಕೆ ಪಿಯುಸಿ ಕೇಳುತ್ತಾರೆ.

ಆದ್ದರಿಂದ ಗರ್ಭದಿಂದ ಅಂಕ ಎಷ್ಟು ಇಳಿಯುತ್ತದೆ ಎಂಬ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ತರಗತಿಯಲ್ಲಿ ಕೂರಲು ಬಿಡದವರು ಯಾರು ಎಂದು ಕೇಳಿರಿ.

ತಂಗಿಗೆ ಮದುವೆಯಾಗಿದೆಯೋ ಇಲ್ಲವೋ ನೀವು ಬರೆದಿಲ್ಲ. ಆಗಿರದಿದ್ದರೆ ಮಾನ ಉಳಿಸಲೆಂದು ಈಗ ಅವಸರದಲ್ಲಿ ತಾಳಿ ಕಟ್ಟಿಸಬೇಡಿರಿ. 18 ತುಂಬದ ಹುಡುಗಿಯ ಮದುವೆ ನಮ್ಮ ರಾಜ್ಯದ ತಿದ್ದುಪಡಿಯ ಪ್ರಕಾರ ಮೊದಲಿನಿಂದಲೇ ಅನೂರ್ಜಿತ. ಆಸ್ಪತ್ರೆಯವರು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೆ ಹೆದರಿ ಆಸ್ಪತ್ರೆಯನ್ನೇ ತಪ್ಪಿಸುವುದು ಮೂರ್ಖತನ. ಈ ವಯಸ್ಸಿನಲ್ಲಿ ರಕ್ತದೊತ್ತಡ ಏರಿ ಗರ್ಭನಂಜಾಗುವ ಅಪಾಯ ಹೆಚ್ಚು. ಗರ್ಭ ಮುಂದುವರಿಸಬೇಕೇ ಬೇಡವೇ ಎಂಬುದನ್ನೂ ವೈದ್ಯರ ಮುಂದೆ ಅವಳ ಬಾಯಿಂದಲೇ ಕೇಳಿರಿ. 2021ರ ತಿದ್ದುಪಡಿಯಂತೆ ಅಪ್ರಾಪ್ತೆಯರಿಗೆ 24 ವಾರಗಳವರೆಗೆ ಗರ್ಭಪಾತಕ್ಕೆ ಅವಕಾಶವಿದೆ, ಪಾಲಕರ ಲಿಖಿತ ಒಪ್ಪಿಗೆ ಬೇಕು. ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿರಿ.

ಪರೀಕ್ಷೆಗೆ ಶೇ 75 ಹಾಜರಾತಿ ಬೇಕು, ಹಾಗಾಗಿ ಮೈಯಲ್ಲಿ ಕಸುವಿರುವ ದಿನಗಳಲ್ಲಿ ಕಳಿಸುತ್ತಲೇ ಇರಿ. ನಮ್ಮ ಕಾಲದ ಹಾಗಲ್ಲ, 2024ರಿಂದ ಎಸೆಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಮಾರ್ಚ್ ತಪ್ಪಿದರೆ ವರ್ಷವೇ ಹೋಯಿತೆಂದಲ್ಲ. ಟಿ.ಸಿ. ಆಗಲೇ ಒಯ್ದಿದ್ದರೆ ನಾಳೆಯೇ ಹಿಂದಿರುಗಿಸಿ, ಮರುಸೇರ್ಪಡೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿರಿ. ಶಾಲೆಯವರು ಹಿಂದೇಟು ಹಾಕಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿರಿ. ಅಲ್ಲಿ ‘ನೋಡೋಣ’ ಎಂದು ಬಾಯಿಮಾತಿನಲ್ಲಿ ಹೇಳಿದರೆ ಎದ್ದು ಬರಬೇಡಿರಿ, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಂಡೇ ಬನ್ನಿರಿ.